ಗೇಟ್‌ಮನೆಯ ದೀಪ

ಓರ್ಟ್ವಿನ್ ಊಲಿಗ್ ಯಾರ ಮನೆ ಬಾಗಿಲಿಗೂ ಹೋಗಿ ಸಹಾಯ ಕೇಳುವ ಆಸಾಮಿಯಲ್ಲ. ಪಕ್ಕದಲ್ಲೇ ನನ್ನ ಮನೆಯಲ್ಲಿ ಏಣಿಯಿದ್ದರೂ ಕೇಳದೆ, ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತುವವನು. ಹಾಗೆ ಹತ್ತಿ ಒಮ್ಮೆ ಬಿದ್ದವನೂ ಹೌದು. ಎರಡು ವರ್ಷದ ಹಿಂದೆ, ನವೆಂಬರಿನ ಒಂದು ಮಧ್ಯಾಹ್ನ, ಅವನು ಟೋಪಿಯನ್ನು ಕೈಯಲ್ಲಿ ಹಿಡಿದು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಊರಲ್ಲಿ ಯಾರೋ ಸತ್ತಿರಬೇಕು ಅಂದುಕೊಂಡೆ.

"ಯಾರು ಹೋದ್ರು?" ಅಂದೆ.

"ಯಾರೂ ಹೋಗಿಲ್ಲ. ನನ್ನ ಹೆಬ್ಬೆರಳು ಹೋಯ್ತು," ಅಂದ.

ಬಲಗೈಯನ್ನು ಮುಂದೆ ಚಾಚಿದ. ಹೆಬ್ಬೆರಳೂ ತೋರುಬೆರಳೂ ಕಾಣದ ಯಾವುದೋ ಕಾಳನ್ನು ಉಜ್ಜುತ್ತಿರುವ ಹಾಗೆ ಒಂದೇ ಸಮನೆ ನಡುಗುತ್ತಿದ್ದವು. ನಡುಕದ ರೋಗ ಬಂದು ಎರಡು ವರ್ಷವಾಗಿತ್ತೆಂದು ಅವತ್ತೇ ನನಗೆ ಗೊತ್ತಾದದ್ದು. ಗೋಡೆಯಾಚೆಯ ನೆರೆಯವಳಿಗೇ ಗೊತ್ತಾಗದ ಹಾಗೆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ, ಪುಣ್ಯಾತ್ಮ.

"ಡಾಕ್ಟರ ಹತ್ರ ಹೋಗೋದು ಬಿಟ್ಟು ಟೀವಿ ರಿಪೇರಿಯವಳ ಹತ್ರ ಯಾಕೆ ಬಂದೆ?"

"ಡಾಕ್ಟರ ಕೈಲಿ ಆಗಲ್ಲ. ನಿನ್ನ ಕೈಲಿ ಆಗತ್ತೆ. ನನ್ನ ರೈಲನ್ನ ಕಂಪ್ಯೂಟರಿಗೆ ಹಾಕಿಕೊಡು ಹೈಡ್ರುನ್."

ಅವನ ರೈಲು ಗೊತ್ತಿಲ್ಲದವರು ನಮ್ಮ ಹಾಸೆಲ್‌ಗ್ರುಂಟ್‌ನಲ್ಲಿ ಯಾರೂ ಇಲ್ಲ. ನಿಜವಾದ ರೈಲು ನಮ್ಮ ಈ ಬೆಟ್ಟಸೀಮೆಗೆ ಬರುವುದು ನಿಂತು ಇಪ್ಪತ್ತು ವರ್ಷವಾಯಿತು. ಹಳಿ ಕಿತ್ತುಹಾಕಿ ಆ ಜಾಗದಲ್ಲಿ ಸೈಕಲ್ ದಾರಿ ಮಾಡಿದ್ದಾರೆ. ಆದರೆ ಓರ್ಟ್ವಿನ್‌ನ ನೆಲಮಾಳಿಗೆಯಲ್ಲಿ, ನಾಲ್ಕು ಮೀಟರ್ ಉದ್ದದ ಮೇಜಿನ ಮೇಲೆ, ಇಡೀ ದಾರಿ ಹಾಗೇ ಉಳಿದಿದೆ. ಬೆರಳಗಲದ ಹಳಿ, ಸ್ಟೇಷನ್ನು, ಚರ್ಮ ಹದಮಾಡುವ ಕಾರ್ಖಾನೆ, ಚರ್ಚು, ಕೊನೆಯ ತಿರುವಿನಲ್ಲಿ ರಸ್ತೆ ಹಳಿಯನ್ನು ದಾಟುವ ಕಡೆ ಗೇಟು, ಗೇಟಿನ ಪಕ್ಕ ಒಂದು ಪುಟ್ಟ ಮನೆ. ಆ ದಾರಿಯಲ್ಲಿ ಸ್ಟೇಷನ್ ಮಾಸ್ತರನಾಗಿ ಜೀವ ಸವೆಸಿದವನು ಅವನು. ನಮ್ಮಲ್ಲಿ ಆಟದ ರೈಲು ಓಡುವುದು ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್ ತಿಂಗಳಲ್ಲಿ. ನಾಲ್ಕು ಭಾನುವಾರವೂ ಊರಿನ ಮಕ್ಕಳೆಲ್ಲ ಅವನ ಮೆಟ್ಟಿಲಿಳಿದು ಬರುತ್ತಿದ್ದವು, ಸಕ್ಕರೆಪುಡಿ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು.

ಅವನ ವ್ಯವಸ್ಥೆಯೆಲ್ಲ ಹಳೆಯ ಕಾಲದ್ದು. ಒಂದು ಟ್ರಾನ್ಸ್‌ಫಾರ್ಮರ್, ಅದಕ್ಕೊಂದು ತಿರುಪು. ತಿರುಪಿದರೆ ಹಳಿಗೆ ಕರೆಂಟು, ಕರೆಂಟು ಬಂದರೆ ಹಳಿಯ ಮೇಲಿದ್ದದ್ದೆಲ್ಲ ಓಡುತ್ತದೆ. ಹಾಗಾಗಬಾರದೆಂದು ಹಳಿಯನ್ನು ತುಂಡುತುಂಡು ಮಾಡಿ ಪ್ರತಿ ತುಂಡಿಗೂ ಒಂದು ಸ್ವಿಚ್ಚು ಇಟ್ಟಿದ್ದ. ಗೇಟಿರುವ ತುಂಡಿಗೆ ಮಾತ್ರ ಸ್ವಿಚ್ಚಲ್ಲ, ಒಂದು ಕೆಂಪು ಗುಂಡಿ. ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಅಲ್ಲಿ ಕರೆಂಟು. ಬೆರಳು ತೆಗೆದರೆ ರೈಲು ಅಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ಬೇರೆಲ್ಲ ಸ್ವಿಚ್ಚು ಮುಟ್ಟಲು ಬಿಡುತ್ತಿದ್ದ, ಆ ಗುಂಡಿಯನ್ನು ಯಾರಿಗೂ ಬಿಟ್ಟವನಲ್ಲ. ಪಾದ್ರಿಯ ಮೊಮ್ಮಗ ಒಮ್ಮೆ ಕೈ ಹಾಕಿದ್ದಕ್ಕೆ ಮಗು ಅಳುವ ಹಾಗೆ ಗದರಿದ್ದ. ಈಗ ಆ ಬೆರಳೇ ನಡುಗುತ್ತಿತ್ತು. ಗುಂಡಿ ಒತ್ತಿ ಹಿಡಿದರೆ ರೈಲು ತಡವರಿಸುತ್ತ ಹೋಗಿ ಸರಿಯಾಗಿ ಗೇಟಿನ ಮೇಲೇ ನಿಂತುಬಿಡುತ್ತಿತ್ತಂತೆ.

"ಎಡಗೈಲಿ ಒತ್ತು," ಅಂದೆ.

"ಅದಕ್ಕೂ ಶುರುವಾಗಿದೆ." ಸ್ವಲ್ಪ ಹೊತ್ತು ಟೋಪಿ ತಿರುಗಿಸಿದ. "ಸಾಯೋದ್ರೊಳಗೆ ಒಂದ್ಸಲ ಆ ರೈಲು ಆ ಗೇಟನ್ನ ತಾನಾಗೇ ದಾಟೋದು ನೋಡ್ಬೇಕು. ನನ್ನ ಕೈ ಇಲ್ದೆ. ಅಷ್ಟೇ."

ಅಷ್ಟೇ ಅಂದದ್ದನ್ನು ನಾನು ಅಷ್ಟೇ ಎಂದು ತಿಳಿದೆ. ಮೂವತ್ತು ವರ್ಷ ಬೇರೆಯವರ ರೇಡಿಯೋ, ಟೀವಿಗಳ ಹಿಂಬದಿ ಬಿಚ್ಚಿ ನೋಡಿದವಳಿಗೆ ಮನುಷ್ಯರ ವಿಷಯದಲ್ಲಿ ಆ ಚಾಲಾಕಿ ಇರಲಿಲ್ಲ.

ಆ ಮನೆಯ ಇನ್ನೊಂದು ಪದ್ಧತಿ ಹೇಳಬೇಕು. ನೆಲಮಾಳಿಗೆಗೂ ಮೇಲಿನ ಅಡುಗೆಮನೆಗೂ ನಡುವೆ ಓರ್ಟ್ವಿನ್ ಒಂದು ಹಳೆಯ ರೈಲ್ವೆ ಫೋನು ಹಾಕಿದ್ದ, ಹಿಡಿ ತಿರುಗಿಸಿ ಗಂಟೆ ಹೊಡೆಸುವಂಥದ್ದು. ಪ್ರತಿ ಸಲ ರೈಲು ಬಿಡುವ ಮುಂಚೆ ಹಿಡಿ ತಿರುಗಿಸುತ್ತಿದ್ದ. ಮೇಲೆ ಅವನ ಹೆಂಡತಿ ರೋಸ್ವಿಟಾ ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಫೋನೆತ್ತಬೇಕು. "ಹದಿನಾಲ್ಕು ಇಪ್ಪತ್ತೇಳು ಬರ್ತಿದೆ," ಎಂದು ರೈಲಿನ ನಂಬರು ಹೇಳುತ್ತಿದ್ದ ಇವನು. "ಹದಿನಾಲ್ಕು ಇಪ್ಪತ್ತೇಳು. ಗೇಟ್ ಹಾಕಿದೆ," ಅನ್ನುತ್ತಿದ್ದಳು ಅವಳು. ಆಮೇಲೇ ಇವನ ಬೆರಳು ಗುಂಡಿಯ ಮೇಲೆ ಹೋಗುತ್ತಿದ್ದದ್ದು. ಅವಳು ಅಂಗಡಿಗೆ ಹೋಗಿದ್ದರೆ ರೈಲಿಲ್ಲ. ಮಕ್ಕಳು ಅತ್ತರೂ ಇಲ್ಲ. ಊರವರು ಇದನ್ನೊಂದು ಹುಚ್ಚು ಅಂತ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ನಗದಿದ್ದವಳು ರೋಸ್ವಿಟಾ ಒಬ್ಬಳೇ, ಯಾಕೆಂದರೆ ನಿಜವಾದ ಆ ಗೇಟ್‌ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳೇ.

ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಅವಳ ಅಮ್ಮ ಆಗ್ನೆಸ್ ಹತ್ತೊಂಬತ್ತು ವರ್ಷ ಆ ಗೇಟು ಕಾದವಳು. ಗಂಡ ತೀರಿಹೋದ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದಳು. ಶಾಲೆ ಬಿಟ್ಟ ಮೇಲೆ ನಾನು ಎಷ್ಟೋ ದಿನ ಅಲ್ಲಿ ಬ್ರೆಡ್ಡಿಗೆ ಹಂದಿಕೊಬ್ಬು ಸವರಿಸಿಕೊಂಡು ತಿಂದಿದ್ದೇನೆ. ಸ್ಟೇಷನ್ನಿನಿಂದ ಫೋನು ಬಡಿದುಕೊಂಡರೆ ಆಗ್ನೆಸ್ ಬಾಯಿಗೆ ಹಾಕಿದ ತುತ್ತನ್ನೂ ಕೈಗೆ ತೆಗೆದು ಓಡುತ್ತಿದ್ದಳು. ರೈಲಿನ ನಂಬರನ್ನು ಅವಳು ಪಾದ್ರಿ ಪ್ರಾರ್ಥನೆ ಹೇಳಿದ ಹಾಗೆ ಸ್ಪಷ್ಟವಾಗಿ ತಿರುಗಿ ಹೇಳುತ್ತಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತೈದರ ಮೂರನೆಯ ಆಡ್ವೆಂಟ್ ಭಾನುವಾರ, ಬೆಳಗಿನ ಮೊದಲ ರೈಲು ಅವಳಿಗೆ ಹೊಡೆಯಿತು. ಗೇಟಿನ ನಡುವೆ, ಹಳಿಯ ಮೇಲೆ ನಿಂತಿದ್ದಳು. ಸ್ಟೇಷನ್ನಿನ ಪುಸ್ತಕ ತೆಗೆದು ನೋಡಿದಾಗ, ರೈಲು ಬಿಡುವ ಮುಂಚೆ ಫೋನು ಮಾಡಿದ್ದೂ ಆಗ್ನೆಸ್ ನಂಬರನ್ನು ತಿರುಗಿ ಹೇಳಿದ್ದೂ ಸಮಯದ ಸಮೇತ ದಾಖಲಾಗಿತ್ತು. ಹಾಗಾದರೆ ರೈಲು ಬರುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಳಿಯ ಮೇಲೆ ಹೋಗಿ ನಿಂತಳು. ಇಲಾಖೆಯವರು 'ಅಜಾಗ್ರತೆ' ಎಂದು ಬರೆದು ಕೈತೊಳೆದುಕೊಂಡರು. ಊರು ಇನ್ನೊಂದು ಮಾತಾಡಿತು. ಬೇಕಂತಲೇ ನಿಂತಳು ಅಂದಿತು. ಹದಿನೆಂಟರ ರೋಸ್ವಿಟಾ ನರ್ಸಿಂಗ್ ಕಲಿಯುತ್ತಿದ್ದ ಹಾಸ್ಟೆಲಿನಿಂದ ಅದೇ ದಿನ ಮಧ್ಯಾಹ್ನದ ರೈಲಿಗೆ ಮನೆಗೆ ಬರುವವಳಿದ್ದಳು.

ಒಂದು ತಿಂಗಳಲ್ಲಿ ಗೇಟ್‌ಮನೆ ಖಾಲಿಮಾಡಿಸಿದರು. ಸಾಮಾನು ಹೊರಲು ಬಂದವನು ಆಗ ಇಪ್ಪತ್ತೈದರ ಹರೆಯದ ಸ್ಟೇಷನ್ ಮಾಸ್ತರ ಓರ್ಟ್ವಿನ್. ಎರಡು ವರ್ಷದ ಮೇಲೆ ಅವರ ಮದುವೆಯಲ್ಲಿ ನಾನು ಚಪ್ಪಲಿ ಹರಿಯುವಷ್ಟು ಕುಣಿದೆ.

ನಮ್ಮದು ಹಳೆಯ ಗಣಿಸೀಮೆ. ಆಡ್ವೆಂಟ್ ಬಂದರೆ ಮನೆಯಲ್ಲಿ ಎಷ್ಟು ಗಂಡುಮಕ್ಕಳೋ ಅಷ್ಟು ಮರದ ಗಣಿಗಾರರು, ಎಷ್ಟು ಹೆಣ್ಣುಮಕ್ಕಳೋ ಅಷ್ಟು ಮರದ ದೇವದೂತೆಯರು, ಕೈಯಲ್ಲಿ ದೀಪ ಹಿಡಿದು ಕಿಟಕಿಯಲ್ಲಿ ನಿಲ್ಲುತ್ತಾರೆ. ಆ ತಿಂಗಳು ಊರಿನಲ್ಲಿ ಕತ್ತಲೆಯ ಕಿಟಕಿ ಇರುವುದಿಲ್ಲ. ಇದ್ದದ್ದು ಒಂದೇ, ಊಲಿಗ್‌ರ ಮನೆಯದು. ಅಮ್ಮ ತನಗಾಗಿ ಇಡುತ್ತಿದ್ದ ದೇವದೂತೆಯನ್ನು ರೋಸ್ವಿಟಾ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದಿದ್ದಳು. ಒಮ್ಮೆ ನಾನು ಮೂಗು ತೂರಿಸಿ ಕೇಳಿದ್ದಕ್ಕೆ ಅವಳು, "ನನ್ನನ್ನ ಬಿಟ್ಟು ಹೋಗೋಕೆ ಮನಸ್ಸು ಮಾಡಿದವಳು ಇಟ್ಟ ದೀಪ ನನಗ್ಯಾಕೆ?" ಅಂದಳು. ಮತ್ತೆ ಕೇಳಲಿಲ್ಲ. ಅಂಥವಳು ಗಂಡನ ಆಟದ ಫೋನಿಗೆ ಉತ್ತರ ಕೊಡುವುದು ಹೇಗೆಂದು ನನಗೆ ಆಶ್ಚರ್ಯ. ಅದಕ್ಕೂ ಒಮ್ಮೆ ಹೇಳಿದ್ದಳು: "ನಂಬರ್ ಹೇಳ್ತೀನಿ, ಹೇಳಿ ಇಲ್ಲೇ ಒಲೆ ಮುಂದೆ ನಿಂತಿರ್ತೀನಿ. ಅಷ್ಟು ಮಾಡೋದೇನು ಕಷ್ಟ ಇತ್ತು ಅವಳಿಗೆ?"

ಸರಿ, ಕೆಲಸ ಶುರುಮಾಡಿದೆ. ಡಿಜಿಟಲ್ ಅಂದರೆ ದೊಡ್ಡ ಮಂತ್ರವಿದ್ಯೆಯೇನಲ್ಲ. ಹಳಿಯಲ್ಲಿ ಯಾವಾಗಲೂ ಕರೆಂಟು ಇದ್ದೇ ಇರುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯೊಳಗೆ ಹುರುಳಿಕಾಳಿನ ಗಾತ್ರದ ಒಂದು ಚಿಪ್ ಕೂರಿಸಬೇಕು. ಕಂಪ್ಯೂಟರು ಯಾವ ಎಂಜಿನ್ನನ್ನು ಕರೆಯುತ್ತದೋ ಅದೊಂದೇ ಹೊರಡುತ್ತದೆ. ಜೊತೆಗೆ ಹಳಿಯ ಪ್ರತಿ ತುಂಡಿಗೂ ಒಂದು ಕಾವಲು. ಆ ತುಂಡಿನಲ್ಲಿ ಏನಾದರೂ ಕರೆಂಟು ಕುಡಿಯುತ್ತಿದ್ದರೆ ಅಲ್ಲಿ ಗಾಡಿಯಿದೆ ಎಂದು ಪರದೆಯ ಮೇಲೆ ಕೆಂಪು, ಇಲ್ಲದಿದ್ದರೆ ಹಸಿರು. ಕೆಂಪಿರುವ ಕಡೆಗೆ ಕಂಪ್ಯೂಟರು ಇನ್ನೊಂದು ರೈಲನ್ನು ಯಾವ ಕಾರಣಕ್ಕೂ ಕಳಿಸುವುದಿಲ್ಲ.

ಮೂರು ವಾರ ಅವನ ಮೇಜಿನ ಕೆಳಗೆ ಮಲಗಿದೆ. ಅವನು ಇದನ್ನು ಕಟ್ಟಿದ ಕಾಲದಲ್ಲಿ ಸಿಕ್ಕಿದ ತಂತಿಯೇ ತಂತಿ. ಎಲ್ಲ ಒಂದೇ ಕಂದು ಬಣ್ಣ, ಸಾವಿರ ಎಳೆ, ಯಾವುದು ಎಲ್ಲಿಗೆಂದು ಬರೆದಿಟ್ಟಿಲ್ಲ.

"ಇದನ್ನ ಕಟ್ಟಿದವನು ಮನುಷ್ಯನೋ ಜೇಡನೋ?" ಎಂದು ಕೆಳಗಿನಿಂದಲೇ ಕೂಗಿದೆ.

"ಜೇಡ ಆಗಿದ್ರೆ ನಿನ್ನ ಬಾಯಿಗೆ ಮೊದಲು ಬಲೆ ಕಟ್ತಿದ್ದೆ," ಅಂದ ಅವನು ಮೇಲಿನಿಂದ. ಆ ದಿನಗಳಲ್ಲಿ ಅವನು ಖುಷಿಯಾಗಿದ್ದ. ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ಎರಡನೆಯ ಆಡ್ವೆಂಟ್ ಭಾನುವಾರ ಕಳೆದ ಮಂಗಳವಾರ ಎಲ್ಲ ಜೋಡಿಸಿ ಮೊದಲ ಸಲ ಕರೆಂಟು ಕೊಟ್ಟೆ. ಹಳಿಯ ಮೇಲೆ ಒಂದೂ ಗಾಡಿ ಇಟ್ಟಿರಲಿಲ್ಲ. ಪರದೆಯ ಮೇಲೆ ಹದಿನೇಳು ತುಂಡು ಹಸಿರು. ಒಂದು ಮಾತ್ರ ಕೆಂಪು. ಗೇಟಿನದು.

"ಅಲ್ಲಿ ಯಾರೋ ಇದ್ದಾರೆ ಅಂತಿದೆ ನಿನ್ನ ಕಂಪ್ಯೂಟರು," ಎಂದು ನಾನು ನಕ್ಕೆ.

ಪರದೆಯಿಂದ ತಲೆಯೆತ್ತಿ ನೋಡಿದರೆ ಓರ್ಟ್ವಿನ್ ತನ್ನ ಸ್ಟೂಲಿನ ಮೇಲೆ ಕೂತು ಮೇಜಿನ ಆ ಕೊನೆಯನ್ನೇ ನೋಡುತ್ತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಹೌದು," ಅಂದ. "ಇದ್ದಾರೆ."

ಎದ್ದು ಮೆಟ್ಟಿಲು ಹತ್ತಿ ಹೋದ. ರೋಗದ ಆಯಾಸ ಅಂದುಕೊಂಡೆ.

ಮಾರನೆಯ ದಿನದಿಂದ ತಲೆ ಕೆರೆದುಕೊಂಡದ್ದೇ ಬಂತು. ಹಳಿ ಉಜ್ಜಿದೆ. ಅಂಟು, ಜಲ್ಲಿಪುಡಿ, ತೇವ, ಎಲ್ಲದರ ಮೇಲೂ ಅನುಮಾನಪಟ್ಟೆ. ಕಾವಲಿನ ಪೆಟ್ಟಿಗೆಯನ್ನೇ ಬದಲಾಯಿಸಿದೆ. ಕರೆಂಟು ಕೊಟ್ಟ ಕ್ಷಣವೇ ಅದೊಂದು ತುಂಡು ಕೆಂಪು. ರೈಲನ್ನು ಸ್ಟೇಷನ್ನಿನಲ್ಲಿಟ್ಟು ಹೊರಡು ಎಂದರೆ ತಿರುವಿನವರೆಗೆ ಹೋಗಿ, ಗೇಟಿಗೆ ಒಂದು ಗೇಣು ಮುಂಚೆ ತಾನಾಗಿ ನಿಂತುಬಿಡುತ್ತಿತ್ತು, ದೀಪ ಉರಿಸಿಕೊಂಡು. ಆ ನೆಲಮಾಳಿಗೆಯಲ್ಲಿ ಒಬ್ಬಳೇ ಇರುವುದು ನನಗೂ ಹಿತವೆನಿಸದಾಯಿತು. ಬೆನ್ನ ಹಿಂದೆ ಯಾರೋ ಬಂದು ಕೆಲಸ ಮುಗಿಯಿತೇ ಎಂದು ಕಾಯುತ್ತಿರುವ ಹಾಗೆ ಅನಿಸುತ್ತಿತ್ತು. ಒಂದೆರಡು ಸಲ ತಿರುಗಿಯೂ ನೋಡಿದೆ. ದೆವ್ವ ಭೂತ ನಂಬುವವಳಲ್ಲ ನಾನು, ಆದರೂ ಹೇಳುತ್ತೇನೆ, ಹೆದರಿಕೆಯಾಗಿತ್ತು.

ಓರ್ಟ್ವಿನ್ ಆ ದಿನಗಳಲ್ಲಿ ಬರುತ್ತಿದ್ದ, ಸ್ಟೂಲಿನ ಮೇಲೆ ಕೂರುತ್ತಿದ್ದ, ತುಟಿಪಿಟಕ್ಕೆನ್ನದೆ ಆ ಕೊನೆಯನ್ನು ನೋಡುತ್ತಿದ್ದ. ಕಾರಣ ಅವನಿಗೆ ಗೊತ್ತಿತ್ತೆಂದು ಈಗ ಗೊತ್ತು. ಗೊತ್ತಿದ್ದೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಮಾತ್ರೆ ತೆಗೆದುಕೊಳ್ಳಲು ಮೇಲೆ ಹೋಗಿದ್ದಾಗ ಕಾಲು ಸೋತು ನಾನು ಅವನ ಸ್ಟೂಲಿನ ಮೇಲೆ ಕೂತೆ. ಆ ಜಾಗದಿಂದ ನಾನು ಯಾವತ್ತೂ ನೋಡಿರಲಿಲ್ಲ. ಗೇಟ್‌ಮನೆಯ ಒಂದೇ ಒಂದು ಕಿಟಕಿ ಸರಿಯಾಗಿ ಆ ಸ್ಟೂಲಿನ ಕಡೆಗೇ ಮುಖಮಾಡಿತ್ತು. ಬೇರೆ ಎಲ್ಲಿ ನಿಂತರೂ ಕಾಣುವಂತಿರಲಿಲ್ಲ. ಆ ಕಿಟಕಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ದೀಪ ಉರಿಯುತ್ತಿತ್ತು.

ಗಂಟು ಬಿಚ್ಚಿಕೊಂಡಿತು. ಆ ಬಲ್ಬಿನ ತಂತಿಗಳನ್ನು ಅವನು ನೇರವಾಗಿ ಹಳಿಗೇ ಬೆಸೆದಿದ್ದ. ಕಂದು ತಂತಿಯ ಕಾಡಿನಲ್ಲಿ ಅವೂ ಹಳಿಗೆ ಕರೆಂಟು ತರುವ ತಂತಿಗಳೆಂದು ನಾನು ಬಿಟ್ಟಿದ್ದೆ. ಹಳೆಯ ವ್ಯವಸ್ಥೆಯಲ್ಲಿ ಗುಂಡಿ ಒತ್ತಿದಾಗ ಮಾತ್ರ ಅಲ್ಲಿ ಕರೆಂಟು, ಆಗ ಮಾತ್ರ ದೀಪ. ಈಗ ಸದಾ ಕರೆಂಟು, ಸದಾ ದೀಪ. ದೀಪ ಕುಡಿಯುವ ಕರೆಂಟನ್ನು ಕಾವಲು ರೈಲೆಂದು ತಿಳಿಯುತ್ತಿದೆ. ಇಷ್ಟೇ! ಐದು ದಿನ ಭೂತ ಹಿಡಿದವಳ ಹಾಗೆ ಒದ್ದಾಡಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಓರ್ಟ್ವಿನ್ ಇಳಿದು ಬಂದ. "ಸಿಕ್ತು ಕಣೋ ನಿನ್ನ ದೆವ್ವ!" ಅಂದೆ. "ಬಲ್ಬಿನ ತಂತಿ ಕತ್ತರಿಸಿದ್ರೆ ಮುಗೀತು."

"ಬೇಡ," ಅಂದ. "ಅದನ್ನ ಮುಟ್ಟಬೇಡ."

"ಬೇರೆ ಕಡೆಯಿಂದ ಕರೆಂಟು ಕೊಡ್ತೀನಿ. ಸ್ವಿಚ್ಚೂ ಇಡ್ತೀನಿ."

"ಮುಟ್ಟಬೇಡ ಅಂದೆ ಹೈಡ್ರುನ್."

ಹಟಮಾರಿ ಮುದುಕ ಎಂದು ಬೈದುಕೊಂಡೆ. ಮಾರನೆಯ ದಿನ ಮೂರನೆಯ ಆಡ್ವೆಂಟ್, ಮಕ್ಕಳು ಬರುತ್ತವೆ. ನನಗೆ ಒಂದೇ ಯೋಚನೆ, ಹೇಗಾದರೂ ಓಡಿಸಿ ತೋರಿಸಬೇಕು. "ಹಾಗಾದ್ರೆ ಇನ್ನೊಂದು ದಾರಿ ಇದೆ. ಫೋನ್ ಮಾಡು, ನಿನ್ನ ಶಾಸ್ತ್ರ ಮುಗಿಸು," ಅಂದೆ.

ಅವನು ಅನುಮಾನಿಸುತ್ತಲೇ ಹಿಡಿ ತಿರುಗಿಸಿದ. ಮೇಲೆ ಗಂಟೆ ಬಡಿಯಿತು. "ಹದಿನಾಲ್ಕು ಇಪ್ಪತ್ತೇಳು ಬರ್ತಿದೆ." "ಹದಿನಾಲ್ಕು ಇಪ್ಪತ್ತೇಳು. ಗೇಟ್ ಹಾಕಿದೆ," ರೋಸ್ವಿಟಾಳ ದನಿ ನನಗೂ ಕೇಳಿಸಿತು. ರೈಲು ಹೊರಟಿತು. ತಿರುವಿಗೆ ಬಂದು, ಗೇಟಿಗೆ ಒಂದು ಗೇಣು ಮುಂಚೆ, ಯಥಾಪ್ರಕಾರ ನಿಂತಿತು. ಪರದೆಯ ಮೇಲೆ ಆ ತುಂಡು ಕೆಂಪು.

"ನೋಡು, ಇದು ಸುಲಭ," ಅಂದೆ. "ಅಲ್ಲಿ ಯಾರೂ ಇಲ್ಲ ಅಂತ ಕಂಪ್ಯೂಟರಿಗೆ ನಾವೇ ಹೇಳಿಬಿಡೋದು. ಇಲ್ಲಿ ಒಂದ್ಸಲ ಒತ್ತಿದ್ರೆ ಸಾಕು. ಖಾಲಿ ಇದೆ ಅಂತ ಬರ್ಕೊಳ್ಳತ್ತೆ, ನಂಬತ್ತೆ. ದೀಪ ಅದರ ಪಾಡಿಗೆ ಉರೀಲಿ."

ಒತ್ತಿದೆ. ಕೆಂಪು ಹೋಗಿ ಹಸಿರಾಯಿತು. ರೈಲು ಹೊರಟಿತು, ದೀಪವಿದ್ದ ಕಿಟಕಿಯ ಕಡೆಗೆ.

ಓರ್ಟ್ವಿನ್ ಕೂಗಿದ ಕೂಗನ್ನು ಮನುಷ್ಯರ ಗಂಟಲಿನಿಂದ ನಾನು ಹಿಂದೆಂದೂ ಕೇಳಿಲ್ಲ. ಫೋನನ್ನು ಕೈಬಿಟ್ಟು, ಮೇಜಿನ ಮೇಲೆ ಅಡ್ಡಬಿದ್ದು, ಚರ್ಚನ್ನೂ ಕಾರ್ಖಾನೆಯನ್ನೂ ಎದೆಯಡಿ ಪುಡಿಮಾಡಿಕೊಂಡು, ನಡುಗುವ ಎರಡು ಕೈಗಳಲ್ಲೂ ಎಂಜಿನ್ನನ್ನು ಹಳಿಯಿಂದ ಕಿತ್ತೆತ್ತಿಕೊಂಡ. ಅದರ ಚಕ್ರಗಳು ಅವನ ಅಂಗೈಯಲ್ಲಿ ಒಂದು ಕ್ಷಣ ತಿರುಗಿ ನಿಂತವು.

"ನಾನೂ ಹಾಗೇ ಬರೆದೆ," ಅಂದ.

"ಏನು ಬರೆದೆ?"

"ಸ್ಟೇಷನ್ ಪುಸ್ತಕದಲ್ಲಿ. ಆಗ್ನೆಸ್ ಫೋನು ಎತ್ತಲೇ ಇಲ್ಲ ಹೈಡ್ರುನ್. ಮೂರು ಸಲ ಮಾಡಿದೆ. ಎತ್ತಲಿಲ್ಲ."

ಮೇಜಿನ ಮೇಲೆ ಹಾಗೇ ಅರ್ಧ ಮಲಗಿಕೊಂಡೇ ಹೇಳಿದ. ಮೈನಸ್ ಹದಿನೆಂಟು ಚಳಿ. ರೈಲು ಆಗಲೇ ಇಪ್ಪತ್ತು ನಿಮಿಷ ತಡ. ಹಿಂದಿನ ವಾರವಷ್ಟೇ ತಡಮಾಡಿದ್ದಕ್ಕೆ ಮೇಲಿನವರಿಂದ ಬೈಗುಳ ತಿಂದಿದ್ದ. ಗೇಟಿನವರು ಉತ್ತರ ಕೊಡದಿದ್ದರೆ ಏನು ಮಾಡಬೇಕೆಂಬ ನಿಯಮ ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು: ಚೀಟಿ ಬರೆದು ಡ್ರೈವರಿನ ಕೈಗೆ ಕೊಡಬೇಕು, ಗೇಟಿನ ಮುಂದೆ ನಿಂತು ಹಾರ್ನ್ ಹೊಡೆದು ನಿಧಾನವಾಗಿ ದಾಟು ಎಂದು. ಚೀಟಿ ಕೊಡಲು ಪ್ಲಾಟ್‌ಫಾರ್ಮಿನ ಆ ತುದಿಯವರೆಗೆ ಹಿಮದಲ್ಲಿ ನಡೆಯಬೇಕಿತ್ತು.

"ಕಿಟಕಿಯಿಂದ ನೋಡಿದೆ. ತಿರುವಿನಲ್ಲಿ ಅವಳ ಕಿಟಕಿಯಲ್ಲಿ ದೀಪ ಇತ್ತು. ದೀಪ ಇದೆ, ಎದ್ದಿದ್ದಾಳೆ, ರೈಲಿನ ಸದ್ದು ಕೇಳಿಸ್ಕೊಂಡು ಗೇಟ್ ಹಾಕ್ತಾಳೆ ಅಂದ್ಕೊಂಡೆ. ತಿರುಗಿ ಹೇಳಿದಳು ಅಂತ ಬರೆದು ಸಿಗ್ನಲ್ ಕೊಟ್ಟೆ."

"ದೇವದೂತೆ," ಎಂದು ನನ್ನ ಬಾಯಿಂದ ಬಂತು.

"ಹೂಂ. ಆಡ್ವೆಂಟಲ್ಲಿ ಅದು ರಾತ್ರಿಯೆಲ್ಲ ಉರಿಯತ್ತೆ ಅಂತ ಈ ಸೀಮೆಯ ಕೂಸಿಗೂ ಗೊತ್ತು. ನನಗೆ ಗೊತ್ತಿರ್ಲಿಲ್ವಾ? ಮಗಳಿಗೆ ಇಟ್ಟ ದೀಪ ಅದು, ಮಧ್ಯಾಹ್ನ ಬರೋ ಮಗಳಿಗೆ. ಅದನ್ನ ಸಾಕ್ಷಿ ಮಾಡ್ಕೊಂಡೆ ನಾನು." ಉಸಿರೆಳೆದುಕೊಂಡ. "ಅವಳು ಹೊರಗಿದ್ದಳು. ಹಳಿ ಪಕ್ಕದ ಸಂದಿಯಲ್ಲಿ ಹಿಮ ಗಟ್ಟಿಯಾಗಿ ಚಕ್ರ ಎಗರಬಾರದು ಅಂತ ಕೆರೀತಾ ಇದ್ದಳು. ಶಾಲು ಕಿವಿವರೆಗೂ ಕಟ್ಟಿದ್ದಳು. ಹೊಸ ಹಿಮದಲ್ಲಿ ರೈಲಿಗೆ ಸದ್ದೇ ಇರ್ಲಿಲ್ಲ. ಗುದ್ದಲಿ ಅವಳ ಕೈಲೇ ಇತ್ತು, ಅದನ್ನ ಮೊದಲು ಹೋದ ನಾನೇ ತೆಗೆದು, ಯಾರಿಗೂ ಕಾಣದ ಹಾಗೆ ಶೆಡ್ಡಲ್ಲಿಟ್ಟೆ."

ಅವನು ಆ ಆಟದ ಗೇಟನ್ನು ಕಟ್ಟಿದ್ದು ಅದಕ್ಕೇ. ಮೇಲಿಂದ ಉತ್ತರ ಬಂದ ಮೇಲೆ ಮಾತ್ರ ಗುಂಡಿ, ಗುಂಡಿ ಒತ್ತಿದ ಮೇಲೆ ಮಾತ್ರ ದೀಪ. ಉತ್ತರವಿಲ್ಲದೆ ಆ ಕಿಟಕಿಯಲ್ಲಿ ಬೆಳಕು ಕಾಣದ ಹಾಗೆ ಮಾಡಿಕೊಂಡಿದ್ದ. ನಾನು ಬಂದು, ಯಾರೂ ಉತ್ತರ ಕೊಡದಿದ್ದರೂ ಉರಿಯುವ ದೀಪವನ್ನು ಅವನ ಕಣ್ಣೆದುರು ಹಚ್ಚಿಟ್ಟಿದ್ದೆ.

ಅವನನ್ನು ಕಂಡು ಮರುಕವೂ ಆಯಿತು, ಕಪಾಳಕ್ಕೆ ಬಾರಿಸುವಷ್ಟು ಸಿಟ್ಟೂ ಬಂತು. ನನಗೆ ಹಂದಿಕೊಬ್ಬು ಸವರಿಕೊಟ್ಟ ಕೈ ಆಗ್ನೆಸಳದು. ಆ ಕೈ ತಾನಾಗಿ ಸಾವನ್ನು ಹುಡುಕಿತೆಂದು ನಲವತ್ತೆರಡು ವರ್ಷ ಇಡೀ ಊರು ನಂಬಿತ್ತು, ನಾನೂ ನಂಬಿದ್ದೆ.

ಆಗ ಮೇಜಿನ ಕೆಳಗಿನಿಂದ ದನಿ ಬಂತು.

"ಓರ್ಟ್ವಿನ್."

ಅವನು ಕೈಬಿಟ್ಟ ಫೋನು ತಂತಿಯಲ್ಲಿ ನೇತಾಡುತ್ತಿತ್ತು. ಗೇಟು ಕಾಯುವವರು ರೈಲು ದಾಟುವವರೆಗೂ ಫೋನು ಇಡಬಾರದೆಂದು ಅವನೇ ಹೆಂಡತಿಗೆ ಕಲಿಸಿದ್ದ. ಅವಳು ಇಟ್ಟಿರಲಿಲ್ಲ.

"ಹಾಗಾದ್ರೆ ಅಮ್ಮ ಬೇಕಂತ ನಿಂತಿದ್ದಲ್ಲ," ಅಂದಿತು ಆ ದನಿ.

ಓರ್ಟ್ವಿನ್ ಎಂಜಿನ್ನನ್ನು ಮೇಜಿನ ಮೇಲಿಟ್ಟ.

"ಹೇಳು. ಬೇಕಂತ ನಿಂತಿದ್ದಲ್ಲ ತಾನೆ?"

"ಅಲ್ಲ ರೋಸ್ವಿಟಾ," ಅಂದ ಅವನು, ನೇತಾಡುವ ಫೋನಿನ ಕಡೆಗೆ, ಮೆಲ್ಲಗೆ. "ಕೆಲಸ ಮಾಡ್ತಾ ಇದ್ದಳು."

ಮೇಲೆ ಫೋನಿಟ್ಟ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಅಟ್ಟದ ಹಲಗೆಗಳು ಕಿರುಗುಟ್ಟಿದವು.

ಮಾರನೆಯ ದಿನ ಮಕ್ಕಳು ಬಂದು ಮುಚ್ಚಿದ ಬಾಗಿಲು ನೋಡಿ ವಾಪಸು ಹೋದವು. ಆ ಸಂಜೆ ಊಲಿಗ್‌ರ ಕಿಟಕಿಯಲ್ಲಿ ಒಂದು ರೆಕ್ಕೆ ಮುರಿದ ದೇವದೂತೆ ದೀಪ ಹಿಡಿದು ನಿಂತಿದ್ದಳು. ಜನ ಬೀದಿಯಲ್ಲಿ ನಿಂತು ನೋಡಿದರು. ಜನವರಿಯಲ್ಲಿ ಓರ್ಟ್ವಿನ್ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು, ಕೈಯನ್ನು ಜೇಬಿನಲ್ಲಿ ಬಚ್ಚಿಡದೆ, ಎಲ್ಲರೆದುರು ಅದೇ ಮಾತನ್ನು ಹೇಳಿದ. ಅದು ರೋಸ್ವಿಟಾ ಹಾಕಿದ ಷರತ್ತು. ಅವಳು ಮನೆ ಬಿಡಲಿಲ್ಲ. ಅವನಿಗೆ ಸೂಪು ಬಡಿಸುತ್ತಾಳೆ, ಅಂಗಿಯ ಗುಂಡಿ ಹಾಕುತ್ತಾಳೆ, ಮಾತ್ರೆ ಎಣಿಸಿ ಕೊಡುತ್ತಾಳೆ. ಅವನು ತನ್ನನ್ನು ಮದುವೆಯಾದದ್ದು ಪ್ರೀತಿಗೋ ಪಾಪಕ್ಕೋ ಎಂದು ಅವಳು ಕೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ನನಗೂ ಇಲ್ಲ.

ನಾನು ಜೋಡಿಸಿದ್ದೆಲ್ಲ ಹಾಗೇ ಇದೆ. ದೀಪದ ತಂತಿಯನ್ನು ಯಾರೂ ಮುಟ್ಟಿಲ್ಲ.

ಈ ವರ್ಷದ ಮೂರನೆಯ ಆಡ್ವೆಂಟ್‌ಗೆ ಅವರ ಮನೆಗೆ ಹೋಗಿದ್ದೆ. ರೋಸ್ವಿಟಾ ಕಾಫಿ ಸುರಿದು, ಕೇಕು ಕತ್ತರಿಸಿ, ಏಪ್ರನ್ ಬಿಚ್ಚಿಟ್ಟು, ಗೋಡೆಯ ಫೋನಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತಳು. ಕೈಗಳು ಮಡಿಲಲ್ಲಿದ್ದವು. ಸ್ವಲ್ಪ ಹೊತ್ತಿಗೆ ಗಂಟೆ ಬಡಿಯಿತು, ಕೆಳಗಿನ ಕೈಯ ನಡುಕವೆಲ್ಲ ಅದರಲ್ಲಿ ಕೇಳುತ್ತಿತ್ತು. ಅವಳು ಎತ್ತಲಿಲ್ಲ. ನಿಂತಿತು. ಮತ್ತೆ ಬಡಿಯಿತು. ಎತ್ತಲಿಲ್ಲ. ಎರಡು ವರ್ಷದಿಂದ ಆಡ್ವೆಂಟಿನ ಪ್ರತಿ ಭಾನುವಾರವೂ ಹೀಗೆಯೇ ಅಂತ ಆಮೇಲೆ ತಿಳಿಯಿತು. ಅವನು ಕರೆಯುತ್ತಾನೆ, ಉತ್ತರವಿಲ್ಲ, ರೈಲು ಹೊರಡುವುದಿಲ್ಲ.

ನನ್ನ ಬಾಯಿ ಸುಮ್ಮನಿರಲಾರದು. "ಉತ್ತರ ಕೊಡೋದಿಲ್ಲ ಅಂದ್ಮೇಲೆ ಇಲ್ಲಿ ಬಂದು ಯಾಕೆ ಕೂರ್ತೀಯೇ?" ಅಂದೆ.

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಹಿಮ ಬೀಳುತ್ತಿತ್ತು.

"ಅಮ್ಮ ಹೊರಗೆ ಹಿಮ ಕೆರೀತಾ ಇದ್ದಾಳೆ," ಅಂದಳು. "ಅವಳು ಒಳಗೆ ಬರೋವರೆಗೂ ಅವನು ಕಾಯ್ಲಿ."

ಮೂರನೆಯ ಸಲ ಗಂಟೆ ಬಡಿಯಿತು. ನಾವಿಬ್ಬರೂ ಅದು ನಿಲ್ಲುವವರೆಗೆ ಸುಮ್ಮನೆ ಕೂತಿದ್ದೆವು.